ರಾಮಾಚಾರಿ ಕತೆ ಮಕ್ಕಳ ಕೈಗೆ ಕೊಡಬಹುದಾ? ‘ನಾಗರಹಾವು’ ಬಗ್ಗೆ ಇವತ್ತಿನ ಓದುಗರ ಲೆಕ್ಕಾಚಾರ

ತಾಳ್ಯ: ಹೈಸ್ಕೂಲಿಗೆ ಹೋಗೋ ಮಗಳ ಬ್ಯಾಗಿನಲ್ಲಿ, ನೋಟ್‌ಬುಕ್‌ಗಳ ನಡುವೆ ಒಂದು ಲವ್ ಸ್ಟೋರಿ ಕಾದಂಬರಿ ಸಿಕ್ಕಿತು ಅಂದ್ಕೊಳ್ಳಿ. ಅಂಗಡಿ ಬಾಗಿಲು ಹಾಕಿ ಮನೆಗೆ ಬಂದ ಅಪ್ಪನ ಕಣ್ಣಿಗೆ ಅದು ಬಿತ್ತು.

“ಏನಮ್ಮ ಇದು?”

“ಕಾದಂಬರಿ ಅಪ್ಪಾಜಿ. ಗೆಳತಿ ಓದಿ ಕೊಡ್ತೀನಿ ಅಂತ ತಂದಿದ್ಲು, ನಾನು ಇಸ್ಕೊಂಡೆ.”

“ಪರೀಕ್ಷೆ ಹತ್ರ ಬಂದೈತೆ, ಇಂಥದ್ದೆಲ್ಲ ಬೇಕಾ ನಿನಗೆ?”

ಇಷ್ಟಕ್ಕೇ ಮಾತು ಮುಗಿದರೆ ಚಿಂತೆಯಿಲ್ಲ. ಆದರೆ ಎಷ್ಟೋ ಮನೆಗಳಲ್ಲಿ ಮಾತು ಇಲ್ಲಿಗೆ ನಿಲ್ಲಲ್ಲ. “ಯಾರೋ ಹುಡುಗ ಇರಬೇಕು” ಅನ್ನೋ ಅನುಮಾನ ಹುಟ್ಟುತ್ತೆ. ಫೋನ್ ಕಿತ್ತುಕೊಳ್ಳೋದು, ಶಾಲೆ ಬಿಡಿಸೋದು, ಸಂಬಂಧಿಕರಲ್ಲಿ ಗಂಡು ಹುಡುಕೋದು, ಒಂದರ ಹಿಂದೆ ಒಂದು ಶುರುವಾಗುತ್ತೆ. ಒಂದು ಪುಸ್ತಕದ ನೆಪದಲ್ಲಿ ಒಬ್ಬ ಹುಡುಗಿಯ ಓದು ನಿಂತು ಹೋಗಬಹುದು.

ಹಾಗಾದರೆ ಹದಿಹರೆಯದ ಮಕ್ಕಳು ಪ್ರೇಮ ಕಾದಂಬರಿ ಓದಬಹುದಾ, ಬೇಡವಾ? ಈ ಪ್ರಶ್ನೆಗೆ ಉತ್ತರ ಹುಡುಕೋಕೆ ದೂರ ಹೋಗಬೇಕಿಲ್ಲ. ಕನ್ನಡದಲ್ಲಿ ಅತಿ ಹೆಚ್ಚು ಹೆಸರು ಮಾಡಿದ ವಿದ್ಯಾರ್ಥಿ ಪ್ರೇಮಕತೆ ಹುಟ್ಟಿದ್ದೇ ಚಿತ್ರದುರ್ಗದ ಕಲ್ಲುಗಳ ನಡುವೆ. ಅದೇ ತ.ರಾ.ಸು. ಅವರ ‘ನಾಗರಹಾವು’. ಅದನ್ನು ಇವತ್ತು ಒಬ್ಬ ಓದುಗ, ಅದರಲ್ಲೂ ಮಕ್ಕಳಿರುವ ಓದುಗ, ಹೇಗೆ ನೋಡಬೇಕು? ಇಲ್ಲಿದೆ ವಿವರ.

ಬರೆದವರು ಜಿಲ್ಲೆಯವರೇ

ತ.ರಾ.ಸು. ಅಂದರೆ ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್. ಹುಟ್ಟಿದ್ದು 1920ರಲ್ಲಿ, ತೀರಿಕೊಂಡಿದ್ದು 1984ರಲ್ಲಿ. ಹೆಸರಿನಲ್ಲಿರುವ ತಳುಕು ಚಳ್ಳಕೆರೆ ತಾಲೂಕಿನ ಊರು. ಕನ್ನಡದ ಹಿರಿಯ ಪ್ರಾಧ್ಯಾಪಕ ಟಿ.ಎಸ್. ವೆಂಕಣ್ಣಯ್ಯ ಇದೇ ಮನೆತನದವರು. ಸ್ವಾತಂತ್ರ್ಯ ಚಳವಳಿಗೆ ಇಳಿದು ಓದು ಬಿಟ್ಟ ತ.ರಾ.ಸು. ಮುಂದೆ ಬರವಣಿಗೆಯನ್ನೇ ಬದುಕು ಮಾಡಿಕೊಂಡರು. ಅ.ನ.ಕೃ., ನಿರಂಜನ, ಬಸವರಾಜ ಕಟ್ಟೀಮನಿ ಅವರ ಜೊತೆ ಪ್ರಗತಿಶೀಲ ಲೇಖಕರ ಸಾಲಿನಲ್ಲಿ ಇವರ ಹೆಸರು ಬರುತ್ತೆ.

ಜಿಲ್ಲೆಯ ಜನಕ್ಕೆ ತ.ರಾ.ಸು. ಅಂದರೆ ಮೊದಲು ನೆನಪಾಗೋದು ದುರ್ಗದ ಪಾಳೇಗಾರರ ಕತೆಗಳು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ದಿಂದ ಹಿಡಿದು ಮದಕರಿ ನಾಯಕನ ಕೊನೆಯ ದಿನಗಳ ‘ದುರ್ಗಾಸ್ತಮಾನ’ದವರೆಗೆ. ‘ದುರ್ಗಾಸ್ತಮಾನ’ಕ್ಕೆ 1985ರಲ್ಲಿ, ಲೇಖಕರು ತೀರಿಹೋದ ಮೇಲೆ, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಅದೇ ಕೋಟೆ, ಅದೇ ಬಂಡೆ, ಅದೇ ಊರನ್ನು ಇಟ್ಟುಕೊಂಡು ಅವರು ಒಬ್ಬ ಮುಂಗೋಪಿ ಹುಡುಗನ ಕತೆಯನ್ನೂ ಬರೆದರು. ರಾಜನೂ ಅಲ್ಲ, ಪಾಳೇಗಾರನೂ ಅಲ್ಲ, ಮಾಮೂಲಿ ಬ್ರಾಹ್ಮಣರ ಮನೆಯ ಹುಡುಗ ರಾಮಾಚಾರಿ.

ಮೂರು ಕಾದಂಬರಿ, ಒಂದು ಸಿನಿಮಾ

ಹೆಚ್ಚಿನವರಿಗೆ ‘ನಾಗರಹಾವು’ ಅಂದರೆ ಸಿನಿಮಾ. 1972ರ ಡಿಸೆಂಬರ್ ಕೊನೆಯಲ್ಲಿ ತೆರೆಗೆ ಬಂತು. ನಿರ್ದೇಶನ ಪುಟ್ಟಣ್ಣ ಕಣಗಾಲ್, ನಿರ್ಮಾಪಕ ಎನ್. ವೀರಾಸ್ವಾಮಿ, ಸಂಗೀತ ವಿಜಯಭಾಸ್ಕರ್. ವಿಷ್ಣುವರ್ಧನ್ ನಾಯಕರಾಗಿ ನಿಂತಿದ್ದು ಇದರಲ್ಲೇ. ಜಲೀಲನ ಪಾತ್ರದಲ್ಲಿ ಅಂಬರೀಶ್ ಮೊದಲ ಸಲ ಕಾಣಿಸಿಕೊಂಡರು. ಚಾಮಯ್ಯ ಮೇಷ್ಟ್ರಾಗಿ ಕೆ.ಎಸ್. ಅಶ್ವಥ್, ಅವರ ಹೆಂಡತಿ ತುಂಗಮ್ಮನಾಗಿ ಲೀಲಾವತಿ, ಅಲಮೇಲುವಾಗಿ ಆರತಿ, ಮಾರ್ಗರೆಟ್ ಆಗಿ ಶುಭಾ. ಒಂದೇ ಹಾಡಿಗೆ ಒನಕೆ ಓಬವ್ವನಾಗಿ ಬಂದ ಜಯಂತಿಯವರನ್ನು ಜಿಲ್ಲೆ ಇವತ್ತಿಗೂ ಮರೆತಿಲ್ಲ.

ಆದರೆ ಈ ಸಿನಿಮಾ ಒಂದೇ ಪುಸ್ತಕದಿಂದ ಬಂದಿದ್ದಲ್ಲ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಅನ್ನೋ ಮೂರು ಕಾದಂಬರಿಗಳನ್ನು ಸೇರಿಸಿ ಕತೆ ಹೆಣೆದಿದ್ದಾರೆ. ಮೂರು ಪುಸ್ತಕದ ಸರಕನ್ನು ಮೂರು ಗಂಟೆಗೆ ತುಂಬುವಾಗ ಎಷ್ಟೋ ಬಿಟ್ಟು ಹೋಗುತ್ತೆ. ಲೇಖಕರಿಗೂ ಸಿನಿಮಾ ಪೂರ್ತಿ ಒಪ್ಪಿಗೆಯಾಗಿರಲಿಲ್ಲ. ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಅನ್ನೋ ಅರ್ಥದಲ್ಲಿ ಅವರು ಆಡಿದರೆಂಬ ಮಾತು ಇಂದಿಗೂ ಓಡಾಡುತ್ತಿದೆ. ತೋಟದಲ್ಲಿ ಇಲಿ ಕಾಟ ಕಂಡ ರೈತರಿಗೆ ಕೇರೆಹಾವು ಅಂದರೆ ಬೈಗುಳವೇನೂ ಅಲ್ಲ, ಅದು ಬೇರೆ ಮಾತು!

ಕತೆ ಕನ್ನಡದಲ್ಲೇ ನಿಲ್ಲಲಿಲ್ಲ. 1974ರಲ್ಲಿ ಹಿಂದಿಯಲ್ಲಿ ‘ಝಹ್ರೀಲಾ ಇನ್ಸಾನ್’ ಆಯ್ತು, ಅದನ್ನೂ ಪುಟ್ಟಣ್ಣನವರೇ ನಿರ್ದೇಶಿಸಿದರು, ರಿಷಿ ಕಪೂರ್ ನಾಯಕ. ತೆಲುಗಿನಲ್ಲಿ ಶೋಭನ್ ಬಾಬು ಅವರ ‘ಕೋಡೆ ನಾಗು’ ಬಂತು. 2014ರಲ್ಲಿ ಯಶ್, ರಾಧಿಕಾ ಪಂಡಿತ್ ನಟಿಸಿದ ‘ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ’ ಬಂದಾಗ, ಹಳೆಯ ರಾಮಾಚಾರಿಯ ಹೆಸರು ಹೇಳಿಯೇ ಹೊಸ ಹುಡುಗರು ಥಿಯೇಟರಿಗೆ ಹೋದರು. 2018ರಲ್ಲಿ ಹಳೆ ಸಿನಿಮಾನೇ ಹೊಸ ತಂತ್ರಜ್ಞಾನದಲ್ಲಿ ಮತ್ತೆ ಬಿಡುಗಡೆ ಆಯ್ತು. ಅಂದರೆ ಅಜ್ಜ, ಅಪ್ಪ, ಮೊಮ್ಮಗ ಮೂವರೂ ಗೊತ್ತು ಅನ್ನೋ ಕತೆ ಇದು. ಮನೆಯಲ್ಲಿ ಕೂತು ಮಾತಾಡೋಕೆ ಇದಕ್ಕಿಂತ ಸಲೀಸಾದ ಕತೆ ಸಿಗೋದು ಕಷ್ಟ.

ಕತೆಯ ತಿರುಳು

ಸಿನಿಮಾದಲ್ಲಿ ಕಂಡ ಕತೆಯನ್ನೇ ಚುಟುಕಾಗಿ ಹೇಳೋದಾದರೆ ಹೀಗೆ. ರಾಮಾಚಾರಿ ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬೀಳ್ತಾನೆ. ಎಲ್ಲರ ಮುಂದೆ ಅವಮಾನ ಮಾಡಿದ ಪ್ರಿನ್ಸಿಪಾಲರ ಮೇಲೆ ಸೇಡು ತೀರಿಸಿಕೊಳ್ತಾನೆ. ಊರಿಗೆಲ್ಲ ಅವನು ಪುಂಡ. ಮನೆಯಲ್ಲೂ ಅವನನ್ನು ಅರ್ಥ ಮಾಡಿಕೊಳ್ಳೋರು ಕಡಿಮೆ. ಅವನ ಸಿಟ್ಟಿನ ಹಿಂದೆ ಒಳ್ಳೇತನ ಇದೆ ಅಂತ ನಂಬೋರು ಮಕ್ಕಳಿಲ್ಲದ ಚಾಮಯ್ಯ ಮೇಷ್ಟ್ರು ಮತ್ತು ತುಂಗಮ್ಮ.

ಗೆಳೆಯ ವರದನ ತಂಗಿ ಅಲಮೇಲುವಿಗೆ ಜಲೀಲ ಕಾಟ ಕೊಡ್ತಿರ್ತಾನೆ. ಅವನನ್ನು ಎದುರಿಸೋ ಧೈರ್ಯ ವರದನಿಗಿಲ್ಲ. ರಾಮಾಚಾರಿಯ ಸಹಾಯ ಕೇಳ್ತಾನೆ. ಬದಲಿಗೆ ತಂಗಿಯನ್ನು ಅವನಿಗೇ ಕೊಟ್ಟು ಮದುವೆ ಮಾಡೋ ಮಾತಾಗುತ್ತೆ. ಜಲೀಲ ದೂರವಾದ, ರಾಮಾಚಾರಿ ಅಲಮೇಲು ಹತ್ತಿರವಾದರು. ಆದರೆ ಮದುವೆ ಮಾತು ಬಂದಾಗ ಜಾತಿ ಅಡ್ಡ ಬಂತು. ಇಬ್ಬರೂ ಬ್ರಾಹ್ಮಣರೇ, ಒಳಪಂಗಡ ಬೇರೆ. ರಾಮಾಚಾರಿಯನ್ನು ಒಪ್ಪಿಸೋ ಕೆಲಸ ಚಾಮಯ್ಯ ಮೇಷ್ಟ್ರ ಮೇಲೆ ಬಿತ್ತು. ಮೇಷ್ಟ್ರು ಹೇಳಿದರು, ಹುಡುಗ ಬಿಟ್ಟುಕೊಟ್ಟ. ಅಲಮೇಲು ಬೇರೆ ಕಡೆ ಮದುವೆಯಾಗಿ ಹೋದಳು. ಆಮೇಲೆ ಒಂದು ದಿನ ರಾಮಾಚಾರಿಗೆ ಅವಳು ಸಿಗೋದು ದೊಡ್ಡ ಹೋಟೆಲಿನಲ್ಲಿ, ಗಂಡನೇ ಮಾರಿಕೊಂಡ ಹೆಣ್ಣಾಗಿ.

ಎರಡನೇ ಸಲ ರಾಮಾಚಾರಿ ಮಾರ್ಗರೆಟ್ ಅನ್ನೋ ಕ್ರಿಶ್ಚಿಯನ್ ಹುಡುಗಿಯನ್ನು ಮೆಚ್ಚುತ್ತಾನೆ. ಈ ಸಲ ಅಡ್ಡ ಬಂದಿದ್ದು ಧರ್ಮ. ಮತ್ತೆ ಮೇಷ್ಟ್ರೇ ಬುದ್ಧಿ ಹೇಳೋಕೆ ಬೆಟ್ಟ ಹತ್ತುತ್ತಾರೆ. ಈ ಸಲ ಹುಡುಗ ಕೇಳಲ್ಲ. ಮಾತಿಗೆ ಮಾತು ಬೆಳೆದು ಮೇಷ್ಟ್ರು ಬಂಡೆಯಿಂದ ಬಿದ್ದು ಸಾಯ್ತಾರೆ. ಆ ಪಾಪದ ಭಾರ ತಾಳಲಾರದೆ ರಾಮಾಚಾರಿ, ಅವನ ಜೊತೆ ಮಾರ್ಗರೆಟ್ ಪ್ರಾಣ ಬಿಡ್ತಾರೆ.

ಓದುಗ ಮೆಚ್ಚಬೇಕಾದ್ದು ಏನು?

ಮೊದಲನೆಯದು, ಊರು. ಬೆಂಗಳೂರು, ಮೈಸೂರಿನ ಬಂಗಲೆಗಳಲ್ಲಿ ನಡೆಯೋ ಪ್ರೇಮಕತೆಗಳ ಕಾಲದಲ್ಲಿ ಜಿಲ್ಲಾ ಕೇಂದ್ರದ ಬಿಸಿಲು, ಬಂಡೆ, ಓಣಿಗಳನ್ನು ಕತೆಗೆ ತಂದಿದ್ದು ಸಣ್ಣ ವಿಷಯ ಅಲ್ಲ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಕಡೆಯಿಂದ ದುರ್ಗಕ್ಕೆ ಬಸ್ ಹತ್ತಿ ಓದೋಕೆ ಹೋಗುವ ಹುಡುಗ ಹುಡುಗಿಯರು ಇದು ತಮ್ಮದೇ ಜಾಗ ಅಂತ ಗುರುತು ಹಿಡೀಬಹುದು.

ಎರಡನೆಯದು, ಜಾತಿಯನ್ನು ಮುಚ್ಚಿಡದೆ ಹೇಳಿದ್ದು. ಬೇರೆ ಪ್ರೇಮಕತೆಗಳಲ್ಲಿ ಅಡ್ಡ ಬರೋದು ಶ್ರೀಮಂತ ಅಪ್ಪ ಅಥವಾ ಖಳನಾಯಕ. ಇಲ್ಲಿ ಅಡ್ಡ ಬರೋದು ಊರು ನೂರಾರು ವರ್ಷದಿಂದ ನಂಬಿಕೊಂಡು ಬಂದಿರೋ ಕಟ್ಟುಪಾಡು. ಖಳನೇ ಇಲ್ಲದೆ ಅನ್ಯಾಯ ನಡೆಯುತ್ತೆ. ಎಲ್ಲರೂ ಒಳ್ಳೆಯವರೇ, ಆದರೂ ಮೂರು ಜೀವ ಹೋಗುತ್ತೆ, ಒಂದು ಬದುಕು ಬೀದಿಗೆ ಬೀಳುತ್ತೆ.

ಮೂರನೆಯದು, ಮೇಷ್ಟ್ರು ಮತ್ತು ಶಿಷ್ಯ. ಹೆತ್ತವರಿಗೆ ಹೇಳಿಕೊಳ್ಳಲಾಗದ್ದನ್ನು ಹೇಳಿಕೊಳ್ಳೋಕೆ ಒಬ್ಬ ಹಿರಿಯ ಬೇಕು ಅನ್ನೋದನ್ನು ಈ ಕತೆಯಷ್ಟು ಗಟ್ಟಿಯಾಗಿ ಹೇಳಿದ್ದು ಕನ್ನಡದಲ್ಲಿ ಕಡಿಮೆ. ಇವತ್ತಿಗೂ ಹಳ್ಳಿ ಶಾಲೆಯ ಯಾವುದಾದರೂ ಪ್ರೀತಿಯ ಮೇಷ್ಟ್ರನ್ನು “ನಮ್ಮ ಚಾಮಯ್ಯ ಮೇಷ್ಟ್ರು” ಅಂತ ಕರೆಯೋದು ಕಿವಿಗೆ ಬೀಳುತ್ತೆ.

ತಕರಾರು ಎಲ್ಲಿ?

ಇಷ್ಟು ಮೆಚ್ಚಿದ ಮೇಲೂ, ಇವತ್ತಿನ ಓದುಗ ಕೆಲವು ಕಡೆ ನಿಂತು ಪ್ರಶ್ನೆ ಕೇಳಲೇಬೇಕು.

ತಕರಾರು ಒಂದು: ಅಲಮೇಲುವನ್ನು ಯಾರು ಕೇಳಿದರು? ಅಣ್ಣ ತನ್ನ ಕಷ್ಟ ಕಳೆಯೋಕೆ ತಂಗಿಯನ್ನು ಕೊಡ್ತೀನಿ ಅಂತ ಮಾತು ಕೊಡ್ತಾನೆ. ಸಂತೆಯಲ್ಲಿ ಮಾಲಿಗೆ ಮುಂಗಡ ಕೊಟ್ಟ ಹಾಗೆ. ಆಮೇಲೆ ಅವಳೂ ಮೆಚ್ಚಿದಳು ಅನ್ನೋದು ನಿಜ. ಆದರೆ ಅವಳು ಮೆಚ್ಚೋಕೆ ಮೊದಲೇ ಗಂಡಸರ ನಡುವೆ ವ್ಯವಹಾರ ಆಗಿತ್ತು. ಮದುವೆ ತಪ್ಪಿಸುವಾಗಲೂ ಅಷ್ಟೇ. ಅಣ್ಣ ಮೇಷ್ಟ್ರ ಬಳಿ ಹೋದ, ಮೇಷ್ಟ್ರು ಶಿಷ್ಯನ ಬಳಿ ಹೋದರು, ಶಿಷ್ಯ ‘ತ್ಯಾಗ’ ಮಾಡಿದ. ತ್ಯಾಗ ಮಾಡಿದವನ ಹೆಸರು ಉಳಿಯಿತು. ಅದರ ಬೆಲೆ ಕೊಟ್ಟವಳು ಅಲಮೇಲು. ಹೆಣ್ಣುಮಕ್ಕಳ ಅಪ್ಪಂದಿರು ಈ ಜಾಗದಲ್ಲಿ ಎರಡು ನಿಮಿಷ ನಿಲ್ಲಬೇಕು. ಒಳಪಂಗಡ ನೋಡಿ ಮಾಡಿದ ‘ಸರಿಯಾದ’ ಮದುವೆಯೇ ಅವಳನ್ನು ಬೀದಿಗೆ ತಂದಿತು ಅನ್ನೋದು ಕತೆಯೊಳಗೇ ಇರೋ ಮಾತು.

ತಕರಾರು ಎರಡು: ಸಿಟ್ಟು ಗಂಡಸುತನ ಅಲ್ಲ. ರಾಮಾಚಾರಿ ನಾಗರಹಾವಿನಂತೆ, ತುಳಿದರೆ ಕಚ್ಚುತ್ತಾನೆ ಅನ್ನೋದು ಹೆಸರಿನ ಅರ್ಥ. ತೆರೆಯ ಮೇಲೆ ವಿಷ್ಣುವರ್ಧನ್ ಅವರ ಕಣ್ಣಿನ ಬೆಂಕಿ ನೋಡಿ ಒಂದು ತಲೆಮಾರು ಅದನ್ನೇ ಅನುಕರಿಸಿತು. ಹುಡುಗಿಯ ಹಿಂದೆ ಬೀಳೋದು, ಅಡ್ಡ ನಿಂತವನಿಗೆ ಹೊಡೆಯೋದು, ಬೇಡ ಅಂದರೆ ಹಟ ಹಿಡಿಯೋದು ಪ್ರೀತಿಯ ಲಕ್ಷಣ ಅನ್ನೋ ಪಾಠ ಅಲ್ಲಿಂದ ಮುಂದಿನ ಎಷ್ಟೋ ಸಿನಿಮಾಗಳಿಗೂ ಹರಿಯಿತು. ಬಸ್‌ಸ್ಟ್ಯಾಂಡಿನಲ್ಲಿ, ಶಾಲೆ ಗೇಟಿನಲ್ಲಿ ನಿಂತ ಹುಡುಗರಿಗೆ ಹೇಳಬೇಕಾದ್ದು ಇದು: ರಾಮಾಚಾರಿಯ ಸಿಟ್ಟು ಅವನಿಗೆ ಒಂದೇ ಒಂದು ಒಳ್ಳೆಯದನ್ನೂ ತಂದುಕೊಡಲಿಲ್ಲ. ಓದು ಹೋಯ್ತು, ಹುಡುಗಿ ಹೋದಳು, ಕೊನೆಗೆ ತಂದೆಯಂತಿದ್ದ ಮೇಷ್ಟ್ರೇ ಹೋದರು.

ತಕರಾರು ಮೂರು: ಚಾಮಯ್ಯ ಮೇಷ್ಟ್ರೂ ತಪ್ಪಿದರು. ಈ ಮಾತು ಹಳಬರಿಗೆ ಕಹಿಯಾಗಬಹುದು. ಆದರೆ ಕತೆ ಅದನ್ನೇ ಹೇಳುತ್ತೆ. ಮೇಷ್ಟ್ರು ಹುಡುಗನನ್ನು ಪ್ರೀತಿಸಿದರು, ಹುಡುಗ ಹೇಳೋದನ್ನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ತಮ್ಮ ಮೇಲಿನ ಗೌರವವನ್ನೇ ತಕ್ಕಡಿಗೆ ಹಾಕಿ, ನಾನು ಬೇಕೋ ಅವಳು ಬೇಕೋ ಅನ್ನೋ ಹಾಗೆ ಮಾಡಿದರು. ಒಂದು ಸಲ ಅದು ನಡೆಯಿತು. ಎರಡನೇ ಸಲ ಹುಡುಗ, “ಮೊದಲ ಸಲ ನಿಮ್ಮ ಮಾತು ಕೇಳಿದ್ದಕ್ಕೆ ಏನಾಯ್ತು ನೋಡಿ” ಅನ್ನೋ ಜಾಗದಲ್ಲಿ ನಿಂತಿದ್ದ. ಮಕ್ಕಳ ಮೇಲೆ ಪ್ರೀತಿ ಇದ್ದರೆ ಸಾಲದು, ಅವರ ಮಾತಿಗೂ ತೂಕ ಇದೆ ಅಂತ ಒಪ್ಪಬೇಕು.

ತಕರಾರು ನಾಲ್ಕು, ಇದು ಎಲ್ಲಕ್ಕಿಂತ ದೊಡ್ಡದು: ಸಾವು ಉತ್ತರ ಅಲ್ಲ. ಪ್ರೇಮಿಗಳು ಒಟ್ಟಿಗೆ ಪ್ರಾಣ ಬಿಡೋದನ್ನು ಸಂಗೀತ ಹಾಕಿ ತೋರಿಸಿದಾಗ ಹದಿನಾರರ ಮನಸ್ಸಿಗೆ ಅದು ದೊಡ್ಡಸ್ತಿಕೆ ಅನ್ನಿಸಬಹುದು. ಇದು ಕನ್ನಡದ ಒಂದೇ ಕತೆಯ ಸಮಸ್ಯೆ ಅಲ್ಲ. ಶೇಕ್ಸ್‌ಪಿಯರ್‌ನ ‘ರೋಮಿಯೋ ಅಂಡ್ ಜೂಲಿಯೆಟ್’ ನಾಟಕದಲ್ಲಿ ಜೂಲಿಯೆಟ್‌ಗೆ ಇನ್ನೂ 14 ತುಂಬಿರಲ್ಲ. ಆದರೂ ಇಂಗ್ಲಿಷ್ ಮಾತಾಡೋ ದೇಶಗಳ ಹೈಸ್ಕೂಲುಗಳಲ್ಲಿ ಅದನ್ನು ಪಾಠವಾಗಿ ಓದಿಸ್ತಾರೆ. ವ್ಯತ್ಯಾಸ ಇಷ್ಟೇ, ಅಲ್ಲಿ ಮಕ್ಕಳು ಅದನ್ನು ಟೀಚರ್ ಜೊತೆ ಕೂತು ಓದುತ್ತಾರೆ. ಇವರು ಯಾಕೆ ಸತ್ತರು, ಬೇರೆ ದಾರಿ ಇತ್ತಾ ಅಂತ ಚರ್ಚೆ ಆಗುತ್ತೆ. ಇಲ್ಲಿ ಮಗು ಕಂಬಳಿ ಒಳಗೆ ಒಬ್ಬಂಟಿಯಾಗಿ ಓದುತ್ತೆ.

ಮನೆಯಲ್ಲಿ ಯಾವುದಾದರೂ ಮಗು ಸಾಯೋ ಮಾತಾಡಿದರೆ ಅದನ್ನು ನಾಟಕ ಅಂತ ತಳ್ಳಿಹಾಕಬೇಡಿ, ಬೈಯಬೇಡಿ, ಒಂಟಿಯಾಗಿ ಬಿಡಬೇಡಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ರಾಮಾಚಾರಿಗೆ ಬೇರೆ ದಾರಿ ಇತ್ತಾ?

ಇತ್ತು. ಇದನ್ನು ಮಕ್ಕಳಿಗೂ ಹೇಳಬೇಕು, ದೊಡ್ಡವರೂ ತಿಳಿದುಕೊಳ್ಳಬೇಕು.

ರಾಮಾಚಾರಿ, ಅಲಮೇಲು ಇಬ್ಬರೂ ಹಿಂದೂಗಳು. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಜಾತಿ, ಒಳಪಂಗಡ ಒಂದೇ ಇರಬೇಕು ಅನ್ನೋ ನಿಯಮ ಇಲ್ಲ. ರಾಮಾಚಾರಿ, ಮಾರ್ಗರೆಟ್ ಧರ್ಮ ಬೇರೆ. ಅಂಥವರಿಗಾಗಿಯೇ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಯಾರೂ ಮತಾಂತರ ಆಗಬೇಕಿಲ್ಲ. ವಿವಾಹಾಧಿಕಾರಿಗೆ ನೋಟಿಸ್ ಕೊಟ್ಟು, 30 ದಿನದ ಅವಧಿ ಮುಗಿದ ಮೇಲೆ ಸಾಕ್ಷಿಗಳ ಮುಂದೆ ಮದುವೆಯಾಗಬಹುದು. ಸಿನಿಮಾ ಬಂದಾಗ ಈ ಎರಡೂ ಕಾಯ್ದೆ ಜಾರಿಯಾಗಿ 17, 18 ವರ್ಷ ಕಳೆದಿತ್ತು. ಕಾನೂನು ಬಾಗಿಲು ತೆರೆದಿತ್ತು, ಊರು ತೆರೆದಿರಲಿಲ್ಲ.

ಆದರೆ ಆ ಬಾಗಿಲು ತೆರೆಯೋದು ವಯಸ್ಸು ತುಂಬಿದವರಿಗೆ ಮಾತ್ರ. 1978ರ ತಿದ್ದುಪಡಿಯ ನಂತರ ಹುಡುಗಿಗೆ 18, ಹುಡುಗನಿಗೆ 21 ಮದುವೆಯ ಕನಿಷ್ಠ ವಯಸ್ಸು. ಹೈಸ್ಕೂಲು, ಪಿಯುಸಿ ಮಕ್ಕಳು ಇದರೊಳಗೆ ಬರಲ್ಲ. ಅವರಿಗೆ ಅನ್ವಯ ಆಗೋದು 2012ರ ಪೋಕ್ಸೋ ಕಾಯ್ದೆ. 18 ತುಂಬದವರ ಜೊತೆ ಲೈಂಗಿಕ ಸಂಬಂಧ ಅಪರಾಧ, “ಅವಳೂ ಒಪ್ಪಿದ್ದಳು” ಅನ್ನೋ ಮಾತಿಗೆ ಅಲ್ಲಿ ಬೆಲೆಯಿಲ್ಲ. ಹುಡುಗನಿಗೂ 18 ಆಗದಿದ್ದರೆ ಪ್ರಕರಣ ಬಾಲನ್ಯಾಯ ಮಂಡಳಿಯ ಮುಂದೆ ಹೋಗುತ್ತೆ. ‘ಓಡಿಹೋಗೋಣ’ ಅನ್ನೋ ಸಿನಿಮಾ ಡೈಲಾಗಿನ ಹಿಂದೆ ಪೊಲೀಸ್ ಸ್ಟೇಷನ್, ಕೋರ್ಟು ಇರುತ್ತೆ ಅನ್ನೋದನ್ನು ಹುಡುಗರಿಗೆ ಮೊದಲೇ ಹೇಳೋದು ಒಳ್ಳೆಯದು.

ಅದೇ ಕಾನೂನು ಹೆತ್ತವರ ಕೈಯನ್ನೂ ಕಟ್ಟುತ್ತೆ. “ಯಾರನ್ನೋ ಮೆಚ್ಚಿಬಿಟ್ಟಾಳು, ಬೇಗ ಮದುವೆ ಮಾಡಿ ಮುಗಿಸೋಣ” ಅಂತ 16, 17ರ ಹುಡುಗಿಗೆ ತಾಳಿ ಕಟ್ಟಿಸಿದರೆ ಅದು ಬಾಲ್ಯವಿವಾಹ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಕರ್ನಾಟಕದ ತಿದ್ದುಪಡಿ ಬಂದ ಮೇಲೆ ಅಂಥ ಮದುವೆಗೆ ಕಾನೂನಿನಲ್ಲಿ ಅಸ್ತಿತ್ವವೇ ಇಲ್ಲ. ಮದುವೆ ಮಾಡಿಸಿದವರು, ನಡೆಸಿಕೊಟ್ಟವರು, ನೆರವಾದವರೂ ಹೊಣೆಗಾರರು. ಲಗ್ನಪತ್ರಿಕೆ ಅಚ್ಚು ಹಾಕುವವರು, ಶಾಮಿಯಾನ ಕೊಡುವವರು, ಅಡುಗೆ ಗುತ್ತಿಗೆ ಹಿಡಿಯುವವರು, ಕಲ್ಯಾಣ ಮಂಟಪದವರು ಆರ್ಡರ್ ತಗೊಳ್ಳೋ ಮೊದಲು ಹುಡುಗಿಯ ವಯಸ್ಸಿನ ದಾಖಲೆ ಕೇಳಿ ನೋಡೋದು ಅವರಿಗೇ ಕ್ಷೇಮ. ಇಂಥ ಮದುವೆ ಗೊತ್ತಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬಹುದು.

ಈ ವಯಸ್ಸಿಗೆ ಪುಸ್ತಕ ಎಲ್ಲಿದೆ?

ಇಂಗ್ಲಿಷಿನಲ್ಲಿ 13ರಿಂದ 18ರವರಿಗೆ ಅಂತಲೇ ಬೇರೆ ಕಪಾಟು ಇದೆ. ಅಮೆರಿಕದಲ್ಲಿ 1967ರಲ್ಲಿ ಎಸ್.ಇ. ಹಿಂಟನ್ ಅನ್ನೋ ಹುಡುಗಿ ತಾನೇ ಹದಿಹರೆಯದಲ್ಲಿದ್ದಾಗ ಬರೆದ ‘ದಿ ಔಟ್‌ಸೈಡರ್ಸ್’ ಪ್ರಕಟವಾದ ಮೇಲೆ ಈ ಬಗೆಯ ಪುಸ್ತಕಗಳಿಗೆ ದೊಡ್ಡ ದಾರಿ ತೆರೆಯಿತು ಅಂತ ಹೇಳ್ತಾರೆ. ಶಾಲೆ, ಸ್ನೇಹ, ಮೊದಲ ಆಕರ್ಷಣೆ, ಅಪ್ಪ ಅಮ್ಮನ ಜಗಳ, ಎಲ್ಲವನ್ನೂ ಆ ವಯಸ್ಸಿನ ಕಣ್ಣಿನಿಂದಲೇ ಹೇಳೋ ಕತೆಗಳವು.

ಕನ್ನಡದಲ್ಲಿ ಆ ಕಪಾಟು ಇನ್ನೂ ತುಂಬಿಲ್ಲ. ಹಿಂದೆ ಮಕ್ಕಳು ‘ಚಂದಮಾಮ’, ‘ಬಾಲಮಂಗಳ’ ಓದಿ ಮುಗಿಸಿ ನೇರವಾಗಿ ‘ಸುಧಾ’, ‘ತರಂಗ’ದ ಧಾರಾವಾಹಿಗೆ, ‘ರಾಗಸಂಗಮ’ದ ಕಾದಂಬರಿಗೆ ಹಾರುತ್ತಿದ್ದರು. ತ್ರಿವೇಣಿ, ಎಂ.ಕೆ. ಇಂದಿರಾ, ಸಾಯಿಸುತೆ ಅವರ ಪುಸ್ತಕಗಳು ಮನೆಯಿಂದ ಮನೆಗೆ ಕೈ ಬದಲಾಗುತ್ತಿದ್ದವು. ಈಗ ಪುಸ್ತಕದ ಜಾಗಕ್ಕೆ ಫೋನ್ ಬಂದಿದೆ. ಪ್ರತಿಲಿಪಿಯಂಥ ಆ್ಯಪ್‌ಗಳಲ್ಲಿ ಕನ್ನಡದ ಪ್ರೇಮಕತೆಗಳು ದಂಡಿಯಾಗಿವೆ. ಅದರಲ್ಲಿ ಒಳ್ಳೆಯವೂ ಇವೆ, ಜೊಳ್ಳೂ ಇವೆ. ರಾಗಿ ಕೇರುವಾಗ ಮಾಡುವ ಹಾಗೆ ಬೇರೆ ಮಾಡಿ ಕೊಡೋಕೆ ಒಬ್ಬರು ಬೇಕು.

ಈ ಲೆಕ್ಕದಲ್ಲಿ ‘ನಾಗರಹಾವು’ ಹೈಸ್ಕೂಲಿನವರಿಗಾಗಿ ಬರೆದ ಪುಸ್ತಕ ಅಲ್ಲ. ರಾಮಾಚಾರಿ ಕಾಲೇಜು ಹುಡುಗ. ಕತೆಯಲ್ಲಿ ಮೈಮಾರಾಟ, ಸಾವು ಎಲ್ಲ ಬರುತ್ತೆ. ಎಂಟನೇ ಕ್ಲಾಸಿನ ಮಗುವಿಗೆ ಬೇಡ. ಪಿಯುಸಿ ಹೊತ್ತಿಗೆ, ಮನೆಯಲ್ಲಿ ಯಾರಾದರೂ ಜೊತೆಗೆ ಓದೋದಾದರೆ, ಧಾರಾಳವಾಗಿ ಕೊಡಬಹುದು. ಸಿನಿಮಾ ನೋಡಿದವರು ಪುಸ್ತಕ ಓದಿದರೆ ಇನ್ನೂ ಒಳ್ಳೆಯದು. ತೆರೆಯ ಮೇಲೆ ಸಿಟ್ಟು ಕಾಣುತ್ತೆ, ಆ ಸಿಟ್ಟು ಎಲ್ಲಿಂದ ಬಂತು ಅಂತ ನಿಧಾನವಾಗಿ ಯೋಚಿಸೋಕೆ ಪುಸ್ತಕವೇ ಬೇಕು.

ಗ್ರಂಥಾಲಯಕ್ಕೆ ಈಗಾಗಲೇ ದುಡ್ಡು ಕೊಟ್ಟಿದ್ದೀರಿ

ಅಂಗಡಿಯ ಕಂದಾಯ ಕಟ್ಟಿದ ರಶೀದಿ ಒಮ್ಮೆ ತೆಗೆದು ನೋಡಿ. ತೆರಿಗೆಯ ಮೇಲೆ ಗ್ರಂಥಾಲಯ ಕರ ಅಂತ ಶೇ. 6 ಸೇರಿರುತ್ತೆ. ತೆರಿಗೆ 1,000 ರೂಪಾಯಿ ಇದ್ದರೆ ಅದರಲ್ಲಿ ಪುಸ್ತಕದ ಪಾಲು 60 ರೂಪಾಯಿ. ಓದಲಿ ಬಿಡಲಿ, ಈ ದುಡ್ಡನ್ನು ಎಲ್ಲರೂ ಕಟ್ಟುತ್ತಾರೆ.

2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಅವುಗಳ ಹೆಸರು ‘ಅರಿವು ಕೇಂದ್ರ’. 2020ರ ಮಕ್ಕಳ ದಿನದಂದು ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಮಗಳು ಗೆಳತಿಯಿಂದ ಕದ್ದುಮುಚ್ಚಿ ಪುಸ್ತಕ ಇಸ್ಕೊಳ್ಳೋ ಬದಲು ರಾಜಾರೋಷವಾಗಿ ಅಲ್ಲಿಂದ ತರಬಹುದು. ಬೇಕಾದ ಪುಸ್ತಕ ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬಹುದು. ಚರಂಡಿ, ಬೀದಿದೀಪ ಕೇಳೋ ಹಾಗೆಯೇ ತ.ರಾ.ಸು. ಅವರ ಪುಸ್ತಕ ತರಿಸಿ ಅಂತ ಕೇಳೋದರಲ್ಲಿ ತಪ್ಪೇನೂ ಇಲ್ಲ. ಜಿಲ್ಲೆಯ ಲೇಖಕರ ಪುಸ್ತಕ ಜಿಲ್ಲೆಯ ಗ್ರಂಥಾಲಯದಲ್ಲಿ ಇಲ್ಲದಿದ್ದರೆ ಇನ್ನೆಲ್ಲಿ ಇರಬೇಕು?

ಹಾಗಾದರೆ ಅಪ್ಪ ಏನು ಮಾಡಬೇಕು?

ಮತ್ತೆ ಮೊದಲಿನ ಮನೆಗೆ ಬರೋಣ. ಪುಸ್ತಕ ಅಪ್ಪನ ಕೈಯಲ್ಲಿದೆ, ಮಗಳು ತಲೆ ತಗ್ಗಿಸಿ ನಿಂತಿದ್ದಾಳೆ.

ಮೊದಲು ಪುಸ್ತಕ ಯಾವುದು ಅಂತ ನೋಡಿ. ಹತ್ತು ಪುಟ ಓದಿ. ಕೆಟ್ಟದ್ದಿದ್ದರೆ ಯಾಕೆ ಕೆಟ್ಟದ್ದು ಅಂತ ಹೇಳೋಕೆ ಆಗ ಬಾಯಿಗೆ ಮಾತು ಇರುತ್ತೆ. ಪ್ರೇಮಕತೆ ಓದಿದ ಮಾತ್ರಕ್ಕೆ ಪ್ರೇಮದಲ್ಲಿ ಬಿದ್ದಿದ್ದಾಳೆ ಅಂತ ತೀರ್ಮಾನ ಮಾಡಬೇಡಿ. ಮಹಾಭಾರತ ಓದಿದವರೆಲ್ಲ ದಾಯಾದಿಗಳ ಮೇಲೆ ಯುದ್ಧಕ್ಕೆ ಹೋಗಿಲ್ಲ. ಶಾಲೆ ಬಿಡಿಸೋ ಮಾತನ್ನು ಸಿಟ್ಟಿನಲ್ಲೂ ಆಡಬೇಡಿ. ಆ ಒಂದು ಹೆದರಿಕೆ ಕೂತರೆ ಮುಂದೆ ನಿಜವಾದ ತೊಂದರೆ ಬಂದಾಗ, ದಾರಿಯಲ್ಲಿ ಯಾರಾದರೂ ಕಾಟ ಕೊಟ್ಟಾಗಲೂ, ಅವಳು ಮನೆಯಲ್ಲಿ ಬಾಯಿ ಬಿಡಲ್ಲ.

ಗಂಡುಮಕ್ಕಳ ಅಪ್ಪಂದಿರಿಗೂ ಅಷ್ಟೇ ಕೆಲಸ ಇದೆ. “ಹುಡುಗಿ ಬೇಡ ಅಂದ ಮೇಲೆ ಅಲ್ಲಿಗೆ ಮುಗೀತು” ಅನ್ನೋದನ್ನು ಮಗನಿಗೆ ಹೇಳಿಕೊಡೋದು ಸಿನಿಮಾದ ಕೆಲಸ ಅಲ್ಲ, ಮನೆಯ ಕೆಲಸ.

ಅಪ್ಪ ಇನ್ನೊಂದು ಮಾತು ಹೀಗೂ ಆಡಬಹುದು:

“ಓದಿ ಮುಗಿಸಿದ್ಯಾ?”

“ಇಲ್ಲ ಅಪ್ಪಾಜಿ, ಅರ್ಧ ಆಗೈತೆ.”

“ಪರೀಕ್ಷೆ ಮುಗೀಲಿ, ಕೊಡ್ತೀನಿ. ಅಷ್ಟರಲ್ಲಿ ನಾನೂ ಓದಿರ್ತೀನಿ. ಆಮೇಲೆ ಹೇಳು, ಆ ಹುಡುಗಿ ಮಾಡಿದ್ದು ಸರಿನಾ ಅಂತ.”

ಮಗಳು ತಲೆ ಎತ್ತುತ್ತಾಳೆ. ರಾಮಾಚಾರಿಯ ಮನೆಯಲ್ಲಿ ಈ ಮಾತನ್ನು ಯಾರೂ ಆಡಿರಲಿಲ್ಲ.